ಕೇಳಿಸದೆ ಒಪ್ಪಿಕೊಂಡ ಮಾತು

ನೆಗ್ಗಿದ ಪಾತ್ರೆಗಳನ್ನು ಬಡಿದು ಸರಿಮಾಡುವುದು ಅವನ ಕಸುಬು. ಚಿಕ್ಕಂದಿನಲ್ಲಿ ಹಿಡಿದ ಸುತ್ತಿಗೆಯ ಸದ್ದೇ ಅವನ ಕಿವಿಗಳನ್ನು ತಿಂದುಹಾಕಿತ್ತು. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳಲು ಮಾತ್ರ ನಾಚಿಕೆ. ಯಾರು ಏನು ಹೇಳಿದರೂ ಮುಖ ನೋಡಿ "ಹೂಂ" ಎನ್ನುತ್ತಿದ್ದ. ಅಂಗಡಿಗೆ ಬಂದವರೊಡನೆ ಹೆಂಡತಿಯೇ ಮಾತಾಡಿ, ಆಮೇಲೆ ಅವನ ಕಿವಿಯ ಹತ್ತಿರ ಬಾಯಿಟ್ಟು ತಿಳಿಸುತ್ತಿದ್ದಳು.

"ಬೈದ್ರೂ ಹೂಂ ಅಂತೀರಲ್ಲ, ಇಂಥ ಗಂಡ ಯಾರಿಗೆ ಸಿಗ್ತಾನೆ!" ಎಂದು ನಗುತ್ತಿದ್ದಳು.

ಅವಳ ಎದೆಯಲ್ಲಿ ಗಡ್ಡೆ ಕಾಣಿಸಿತು. ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಮೊದಲ ಸಲ ಔಷಧಿ ಏರಿಸಿದ ದಿನ ಅವಳು ಮಂಪರಿನಲ್ಲಿದ್ದಳು. ನರ್ಸ್ ಅವನನ್ನು ವರಾಂಡಕ್ಕೆ ಕರೆದು, ಮಾಸ್ಕ್ ತೆಗೆಯದೆಯೇ ಏನೇನೋ ಹೇಳಿದಳು. ಸುತ್ತ ಟ್ರಾಲಿಗಳ ಗಡಗಡ. ತುಟಿ ನೋಡಿ ಊಹಿಸೋಣವೆಂದರೆ ತುಟಿಯೂ ಕಾಣದು. ಅರ್ಥವಾಯಿತೇ ಎಂಬಂತೆ ಅವಳು ಹುಬ್ಬೇರಿಸಿದಾಗ "ಹೂಂ" ಎಂದ. ಅವಳು ಕೊಟ್ಟ ಇಂಗ್ಲಿಷ್ ಚೀಟಿಯಲ್ಲಿ ಅವನಿಗೆ ಓದಲು ಬಂದದ್ದು ಮತ್ತೆ ಬರಬೇಕಾದ ತಾರೀಖೊಂದೇ.

"ಏನಂದ್ರು?" ಮನೆಯಲ್ಲಿ ಹೆಂಡತಿ ಕೇಳಿದಳು.

"ಚೆನ್ನಾಗಿ ಉಣ್ಬೇಕಂತೆ. ರೆಸ್ಟ್ ತಗೋಬೇಕಂತೆ."

ವಾರ ಕಳೆಯುವಷ್ಟರಲ್ಲಿ ಅವಳ ಮೈ ಕಾದ ಹೆಂಚಾಯಿತು. ಪಕ್ಕದ ಮನೆಯಾಕೆ ಬಂದು ಕೂಗಿ ಹೇಳಿದಳು, "ಆಸ್ಪತ್ರೆಗೆ ಕರ್ಕೊಂಡು ಹೋಗಣ್ಣಾ!"

"ತಾರೀಖು ಇನ್ನೂ ಬಂದಿಲ್ಲಮ್ಮ. ಔಷಧಿ ಕಾವು, ಇಳಿಯುತ್ತೆ."

ಹಾಗೆಂದೇ ಅವನು ನಂಬಿದ್ದ. ಒದ್ದೆ ಬಟ್ಟೆ ಹಾಕುತ್ತ, ಗಂಜಿ ಕುಡಿಸುತ್ತ ಪಕ್ಕದಲ್ಲೇ ಕುಳಿತ. ಅವಳು ಅವನ ಗುರುತು ಹಿಡಿಯದಾದಾಗ ಗಾಬರಿಬಿದ್ದು ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ.

ಸೋಂಕು ರಕ್ತಕ್ಕೆ ಸೇರಿತ್ತು. "ಜ್ವರ ಬಂದ ತಕ್ಷಣ ಕರ್ಕೊಂಡು ಬನ್ನಿ ಅಂತ ಹೇಳಿದ್ವಲ್ಲ!" ಡಾಕ್ಟರು ಕಿರುಚಿದರು. ಆ ಮಾತು ಅವನಿಗೆ ಒಂದಕ್ಷರ ಬಿಡದೆ ಕೇಳಿಸಿತು.

ಸಂಜೆಗೆ ಅವಳು ತೀರಿಕೊಂಡಳು.

ಬೇರೆ ಊರಲ್ಲಿದ್ದ ಮಗಳು ಬಂದಳು. ಕಾರ್ಯವೆಲ್ಲ ಮುಗಿದ ಮೇಲೆ ಅವನ ಎದುರಿಗೆ ಕುಳಿತು ಗಟ್ಟಿಯಾಗಿ ಕೇಳಿದಳು, "ಇನ್ನೊಂದ್ಸಲ ಹೇಳಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?"

"ಅಷ್ಟು ಜನರ ಮುಂದೆ ಹೇಗಮ್ಮ ಕೇಳ್ಲಿ? ಕೆಪ್ಪ ಅಂತ ನಗ್ತಾರೆ ಅನ್ನಿಸ್ತು."

ಮಗಳು ಅಳಲಿಲ್ಲ, ಬೈಯಲಿಲ್ಲ. ಎದ್ದು ತಾಯಿಯ ಸೀರೆಗಳನ್ನು ಮಡಚತೊಡಗಿದಳು. ಮರುದಿನ ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಏನೆಂದು ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಅವಳು ಬಂದಿಲ್ಲ.