ಬಹುದಮ್ಮನ ‘ಇರಬಹುದು’

ನಮ್ಮ ಕಚೇರಿಯಲ್ಲಿ ಅವರಿಗೆ ‘ಬಹುದಮ್ಮ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಗೊತ್ತಾದರೆ ಹಿಡಿದು ನಾಲ್ಕು ಮಾತು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಫೋನೆತ್ತಿ “ಹೇಳಿ, ಬಹುದಮ್ಮ ಮಾತಾಡ್ತಿರೋದು” ಎನ್ನತೊಡಗಿದರು. ಇನ್ನು ನಾನು ಜಗಳವಾಡುವುದೇನು? ಸಾಫ್ಟ್‌ವೇರನ್ನು ಬಳಸುವುದು ಹೇಗೆಂದು ಜನಕ್ಕೆ ತಿಳಿಯುವ ಹಾಗೆ ಬರೆಯುವುದು ಅವರ ಕೆಲಸ. ಬರೆದದ್ದು ಸರಿಯಿದೆಯೇ ಎಂದು ಒತ್ತಿ ನೋಡುವುದು ನನ್ನ ಕೆಲಸ. ಇಬ್ಬರ ಮೇಜುಗಳೂ ಶೌಚಾಲಯದ ಬಾಗಿಲಿಗೆ ಅಂಟಿಕೊಂಡಂತಿವೆ. ನಮ್ಮ ಮರ್ಯಾದೆ ಎಷ್ಟೆಂದು ಅದರಲ್ಲೇ ತಿಳಿಯುತ್ತದೆ.

ಇಲ್ಲಿಗೆ ಬರುವ ಮೊದಲು ಬಹುದಮ್ಮ ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುತ್ತಿದ್ದರು. ‘ಕೊಡಬಹುದು’ ಮತ್ತು ‘ಕೊಡಬೇಕು’ ಇವೆರಡರ ನಡುವೆ ಒಂದು ಜೀವ ಇರುತ್ತದೆ ಎಂಬುದನ್ನು ಅಲ್ಲೇ ಕಲಿತರಂತೆ. ಮನೆಯಲ್ಲಿ ಅತ್ತಿಗೆ ರೇಗಿಸುವುದೂ ಇದಕ್ಕೇ. “ಸಾರಿಗೆ ಉಪ್ಪು ಸರಿಯಾಗಿದೆಯೇನೇ ಅಂದ್ರೂ ಇರಬಹುದು ಅಂತೀಯಲ್ಲ, ಬಾಯಿಗೆ ಹಾಕ್ಕೊಂಡು ಹೇಳೇ ಮಾರಾಯ್ತಿ!”

ಬಹುದಮ್ಮ ಈಚೆಗೆ ಬರೆದದ್ದು ಒಂದು ಹುಡುಕುವ ಉಪಕರಣದ ಕೈಪಿಡಿ. ಅದು ಭಾರಿ ದೊಡ್ಡ ಪಟ್ಟಿಯೊಂದನ್ನು ಹಿಂಡಿ ಪುಟ್ಟ ಫಿಲ್ಟರ್‌ ಒಂದರಲ್ಲಿ, ಅಂದರೆ ಬರೀ ಗುರುತುಗಳ ಒಂದು ಸಣ್ಣ ಕೋಷ್ಟಕದಲ್ಲಿ, ತುಂಬಿಟ್ಟುಕೊಳ್ಳುತ್ತದೆ. ಹೆಸರಿನ ಮೊದಲ ಕೆಲವು ಅಕ್ಷರ ಒತ್ತಿದರೆ, ಹಾಗೆ ಶುರುವಾಗುವ ಹೆಸರು ಪಟ್ಟಿಯಲ್ಲಿದೆಯೇ ಎಂದು ಥಟ್ಟನೆ ಹೇಳುತ್ತದೆ. ‘ಇಲ್ಲ’ ಎಂದರೆ ಇಲ್ಲವೇ ಇಲ್ಲ, ಕಣ್ಣುಮುಚ್ಚಿ ನಂಬಬಹುದು. ‘ಹೂಂ’ ಎಂದರೆ ಮಾತ್ರ ಹುಷಾರಾಗಿರಬೇಕು. ಹಿಂಡುವಾಗ ಒಂದು ಹೆಸರಿನ ಗುರುತು ಇನ್ನೊಂದರ ಮೇಲೆ ಬಿದ್ದಿರುತ್ತದೆ, ಹಾಗಾಗಿ ಇಲ್ಲದ ಹೆಸರಿಗೂ ಅದು ಒಮ್ಮೊಮ್ಮೆ ಹೂಂಗುಟ್ಟುತ್ತದೆ. ಆಗ ಮೂಲ ಪಟ್ಟಿಯಲ್ಲಿ ಪೂರ್ತಿ ಹೆಸರು ಹುಡುಕಿ ನೋಡಬೇಕು. ಬಹುದಮ್ಮ ಬರೆದದ್ದು ಇಷ್ಟೇ: ‘ಹೆಸರು ಪಟ್ಟಿಯಲ್ಲಿ ಇರಬಹುದು. ಮೂಲ ಪಟ್ಟಿ ನೋಡಿ.’

ನಮ್ಮ ಸಾಹೇಬರಿಗೆ ಇದು ಹಿಡಿಸಲಿಲ್ಲ.

“ಏನ್ರೀ ಇದು, ಪುಟಪುಟಕ್ಕೂ ಬಹುದು, ಬಹುದು! ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ದುಡ್ಡು ಕೊಟ್ಟು ಯಾರಾದ್ರೂ ಅನುಮಾನ ಕೊಂಡ್ಕೋತಾರಾ?”

“ಸಾರ್, ಅದಕ್ಕೆ ಗೊತ್ತಿರೋದೇ ಅಷ್ಟು. ಒಂದೇ ಒಂದು ಅಕ್ಷರ ಒತ್ತಿ ನೋಡಿ, ಊರಲ್ಲಿರೋರೆಲ್ಲ ಪಟ್ಟೀಲಿದ್ದಾರೆ ಅನ್ನುತ್ತೆ.”

ಸಾಹೇಬರು ಅವರ ಕಣ್ಣೆದುರೇ ಅಷ್ಟೂ ‘ಇರಬಹುದು’ಗಳನ್ನು ‘ಇದೆ’ ಮಾಡಿದರು. ‘ಮೂಲ ಪಟ್ಟಿ ನೋಡಿ’ ಎಂಬುದನ್ನು ಉದ್ದವಾಯಿತೆಂದು ಅಳಿಸಿದರು. ನನ್ನ ಮೈ ಉರಿದುಹೋಯಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದಕ್ಕೆ ನನ್ನ ಭಾಷೆಯಲ್ಲಿ ಸುಳ್ಳು ಎಂಬ ಪದವಿದೆ.

ಆ ಉಪಕರಣವನ್ನು ಒಂದು ಬಸ್ ಕಂಪನಿ ಕೊಂಡಿತು. ಕುಡಿದು ಗಾಡಿ ಓಡಿಸಿ ಕೆಲಸ ಕಳೆದುಕೊಂಡ ಚಾಲಕರ ಪಟ್ಟಿಯನ್ನು ಅದರಲ್ಲಿ ತುಂಬಿ, ಕೆಲಸ ಕೇಳಿ ಬಂದವರ ಹೆಸರು ಒತ್ತಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಚಾಲಕನೊಬ್ಬ ನಮ್ಮ ಬಾಗಿಲಲ್ಲಿ ನಿಂತ. ಬಸ್ಸಿನವರು ಅವನಿಗೆ ಕೆಲಸ ಕೊಡದೆ, ಕೈಗೆ ನಮ್ಮ ಕೈಪಿಡಿಯ ಒಂದು ಪುಟ ಕೊಟ್ಟು, ಕೇಳುವುದಿದ್ದರೆ ಅಲ್ಲೇ ಹೋಗಿ ಕೇಳು ಎಂದು ಸಾಗಹಾಕಿದ್ದರು.

“ನನ್ ಹೆಸ್ರು ಪಟ್ಟೀಲಿ ಇದೆ ಅಂತ ಬರ್ದೋರು ಯಾರು? ನಾನು ಹನಿ ಮುಟ್ಟಿದೋನಲ್ಲ. ನಿನ್ನೆ ನಮ್ಮಾವ ನನ್ ಬಾಯಿ ಮೂಸಿ ನೋಡಿದ್ರು, ಗೊತ್ತಾ? ಹೆಂಡ್ತಿ ಎದುರಿಗೇ!”

ಬಹುದಮ್ಮ ಅವನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಬಸ್ ಕಂಪನಿ ಪರೀಕ್ಷೆಗೆಂದು ಕೊಟ್ಟಿದ್ದ ಮೂಲ ಪಟ್ಟಿ ನಮ್ಮಲ್ಲೂ ಇತ್ತು. ಪೂರ್ತಿ ಹೆಸರು ಹಾಕಿ ಹುಡುಕಿದರು, ಇರಲಿಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಬಸ್ಸಿನವರು ಅದನ್ನೂ ಮಾಡಿರಲಿಲ್ಲ, ಮಾಡಿ ಎಂದು ನಾವೂ ಹೇಳಿರಲಿಲ್ಲ.

ಸಾಹೇಬರು ಒಂದು ಪತ್ರ ಕೊಡಲು ಒಪ್ಪಿದರು. ತಾವೇ ಹೇಳಿ ಬರೆಸಿದರು: “ಸದರಿಯವರ ಹೆಸರು ಪಟ್ಟಿಯಲ್ಲಿ ಇಲ್ಲದಿರಬಹುದು.”

ಬಹುದಮ್ಮ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಯಂತ್ರಕ್ಕೆ ಗೊತ್ತಿಲ್ಲ ಅಂದಾಗ ಇದೆ ಅಂತ ಬರೆದ್ರಿ. ಈಗ ನಾನು ಕಣ್ಣಾರೆ ನೋಡಿ ಇಲ್ಲ ಅಂದ್ರೆ ಇಲ್ಲದಿರಬಹುದಾ? ನಾಚಿಕೆ ಆಗಲ್ವಾ ನಿಮ್ಗೆ?”

“ನಾಳೆ ಇವನು ಕುಡಿದು ಎಲ್ಲಾದ್ರೂ ಗುದ್ದಿದ್ರೆ ಯಾರ್ರೀ ಹೊಣೆ?”

“ನಾನು!” ಎಂದು ಬಹುದಮ್ಮ ಪತ್ರದಲ್ಲಿ ‘ಇಲ್ಲ’ ಎಂದು ಬರೆದು ಸಹಿ ಜಡಿದರು. ಚೀಲ ಹೆಗಲಿಗೇರಿಸಿ ಚಾಲಕನನ್ನು ಕರೆದುಕೊಂಡು ಹೊರಟೇಬಿಟ್ಟರು. ನಾನೂ ಹಿಂದೆ ಹೋದೆ. ಹೋಗದಿದ್ದರೆ ಸಾಹೇಬರ ಮುಖದ ಮೇಲೆ ಏನಾದರೂ ಎಸೆದುಬಿಡುತ್ತಿದ್ದೆ.

ದಾರಿಯುದ್ದಕ್ಕೂ ಬಹುದಮ್ಮ ಅವನಿಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ತಾವು ಬರೆದಿದ್ದ ‘ಬಹುದು’ ಯಾಕೆ, ಸಾಹೇಬರು ಬರೆಸಿದ ‘ಬಹುದು’ ಯಾಕೆ ಎಂದೂ ಹೇಳಿದರು. ಒಂದು ನಿಜ ಹೇಳುವುದಕ್ಕೆ, ಇನ್ನೊಂದು ಜಾರಿಕೊಳ್ಳುವುದಕ್ಕೆ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

ಬಸ್ ಕಂಪನಿಯ ಗುಮಾಸ್ತ ಕಿಟಕಿಯಾಚೆಯಿಂದ ಪತ್ರ ಓದಿದ.

“ಸರಿ, ತಪ್ಪಾಗಿದೆ. ಆದ್ರೆ ಆ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲ. ಮುಂದೆ ಯಾವಾಗಾದ್ರೂ ಖಾಲಿ ಆದ್ರೆ ಕರೀಬಹುದು.”

ಚಾಲಕ ಬಹುದಮ್ಮನ ಕಡೆ ತಿರುಗಿದ.

“ಅಮ್ಮಾ, ಇದು ನಿಮ್ ಬಹುದಾ, ನಿಮ್ ಸಾಹೇಬ್ರ ಬಹುದಾ?”

ಬಹುದಮ್ಮ ಗುಮಾಸ್ತನ ಮುಖವನ್ನೇ ದುರುಗುಟ್ಟಿ ನೋಡಿದರು. ಅವನು ಆಗಲೇ ಸಾಲಿನಲ್ಲಿ ನಮ್ಮ ಹಿಂದಿದ್ದವರನ್ನು ಕರೆಯುತ್ತಿದ್ದ.

“ಸಾಹೇಬ್ರದ್ದಪ್ಪಾ,” ಎಂದರು.