ಚನ್ನಪ್ಪ ಕಾಕಾನ ಸಾಗವಾನಿ ನೆಲ

ಊರಿನ ಎಲ್ಲ ಮನೆಗಳ ನೆಲವೂ ಸಗಣಿಯಿಂದ ಸಾರಿಸಿದ್ದೇ ಆಗಿದ್ದ ಕಾಲವದು. ಜಾರಿ ಬೀಳಬೇಕೆಂದರೂ ಕೆರೆಯ ದಂಡೆಗೇ ಹೋಗಬೇಕಿತ್ತು. ಅಂಥದ್ದರಲ್ಲಿ, ಕಲಘಟಗಿ ಕಡೆಯ ನಮ್ಮ ಹಳ್ಳಿಯಲ್ಲಿ, ಎದುರುಮನೆಯ ಚನ್ನಪ್ಪ ಕಾಕಾ ಪಡಸಾಲೆಗೆ ಸಾಗವಾನಿ ಹಲಗೆ ಹಾಸಿಸಿದ. ಅಳ್ನಾವರದಿಂದ ಬಂದ ರಾಜೇಸಾಬ ಮಿಸ್ತ್ರಿ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯ ಉಂಡೆಯಿಂದ ಎಂಟು ದಿನ ತಿಕ್ಕಿದ. ಆ ವಾಸನೆಗೆ ಓಣಿಯ ನಾಯಿಗಳೂ ಸೀನಿದವು. ಒಂಬತ್ತನೇ ದಿನ ನೆಲದೊಳಗೆ ಮುಖ ಕಾಣತೊಡಗಿತು.

ಅಲ್ಲಿಯವರೆಗೆ ಓಣಿಯ ಹುಡುಗರೆಲ್ಲ ಸಂಜೆಯಾದರೆ ನಮ್ಮ ಕಟ್ಟೆಗೆ ಬರುತ್ತಿದ್ದರು. ಮಾಸ್ತರರ ಕೆಮ್ಮು, ಬಳೆಗಾರನ ಕೂಗು, ನಮ್ಮಪ್ಪನ ಗೊರಕೆ, ಅಪ್ಪ ಹೊಡೆದಾಗಿನ ನನ್ನದೇ ಅಳು, ಎಲ್ಲವನ್ನೂ ನಾನು ಮಾಡಿ ತೋರಿಸುತ್ತಿದ್ದೆ. ನೆಲ ಹೊಳೆದ ದಿನವೇ ನನ್ನ ಸಭೆ ಖಾಲಿಯಾಯಿತು. ಎಲ್ಲರೂ ಕಾಕಾನ ಮಗ ಬಸ್ಯಾನ ಹಿಂದೆ. ತಡೆಯಲಾರದೆ ನಾನೂ ಹೋದೆ. ಬಾಗಿಲಲ್ಲಿ ಬಸ್ಯಾ ನೀರಿನ ತಂಬಿಗೆ ಹಿಡಿದು ನಿಂತಿದ್ದ.

“ಕಾಲ ತೊಳಕೊಂಡ ಬರಬೇಕಲೇ.”

“ತೊಳಕೊಂಡೀನಿ.”

“ಹಿಮ್ಮಡಿ ನೋಡಕೋ. ಆ ಬಿರುಕಿನಾಗ ಜ್ವಾಳಾ ಬಿತ್ತಬಹುದು. ನೀ ಹೊರಗ ನಿಂತ ನೋಡು.”

ಎಲ್ಲರೂ ನಕ್ಕರು. ನನ್ನ ಮಾತಿಗೆ ನಗುತ್ತಿದ್ದ ಅವೇ ಬಾಯಿಗಳು! ಮನೆಗೆ ಬಂದು ಅವ್ವನಿಗೆ ಗಂಟುಬಿದ್ದೆ.

“ಅವ್ವಾ, ನಮಗೂ ಕಟಿಗಿ ನೆಲಾ ಹಾಕಸು.”

“ಹಾಕಸೂಣು ತಗೋ. ಮೊದಲ ಒಲಿಗೆ ಕಟಿಗಿ ತಾ.”

ಅಂದಿನಿಂದ ಆ ನೆಲ ಹಾಳಾಗಲೆಂದು ದಿನಾ ಹನುಮಪ್ಪನಿಗೆ ಕೈಮುಗಿದೆ. ಹನುಮಪ್ಪ ತಡ ಮಾಡಲಿಲ್ಲ. ಆರು ತಿಂಗಳಾಗುವುದರೊಳಗೆ ಬಾಗಿಲಿನಿಂದ ತೂಗುಮಂಚದವರೆಗೆ ನೆಲ ಮಂಕಾಯಿತು. ಮೊದಲು ಬಿಳಿ ಮಚ್ಚೆ, ಆಮೇಲೆ ಗೀರು, ಕೊನೆಗೆ ದನ ನಡೆದ ಹಾದಿಯಂತೆ ಹಲಗೆಯ ಬರಿ ಮೈ. ಗೋಡೆಯ ಬದಿಗೆ ಮಾತ್ರ ಮೊದಲಿನದೇ ಮಿಂಚು. ಹೊಸ್ತಿಲಾಚೆಯಿಂದ ಅದನ್ನು ನೋಡಿ ಹೋಳಿಗೆ ತಿಂದಷ್ಟು ಸುಖಪಟ್ಟೆ.

ಕಾಕಾ ಮಿಸ್ತ್ರಿಯನ್ನು ಕರೆಸಿದ. ನಾನು ಬಾಗಿಲಿಗೆ ಅಂಟಿಕೊಂಡು ನಿಂತೆ.

“ಏನೋ ರಾಜೇಸಾಬ, ಹತ್ತ ವರ್ಷ ಬಾಳತೈತಿ ಅಂದಿದ್ದಿಲ್ಲೋ?”

ರಾಜೇಸಾಬ ಮೊಣಕಾಲೂರಿ ನೆಲ ಸವರಿ, ಬೆರಳು ನೋಡಿಕೊಂಡ.

“ಸಾವ್ಕಾರ್ರ, ಬಂದವರಿಗೆಲ್ಲಾ ಕಾಲಿಗೆ ನೀರ ಕೊಡ್ತೀರಲ್ಲ?”

“ಮಂದಿ ಮನಿಗೆ ಬಂದ್ರ ನೀರ ಕೊಡಬಾರದೇನು?”

“ಕೊಡ್ರಿ. ಆದ್ರ ಯಾರೂ ಕಾಲ ಒರಸಿಕೊಳ್ಳೂದಿಲ್ಲ. ಹಸಿ ಕಾಲಿಗೆ ಅಂಗಳದ ಉಸುಕ ಹತ್ತಿ ಸೀದಾ ಒಳಗ ಬರ್ತೈತಿ. ಅರಗಿಗೆ ನೀರ ಆಗೂದಿಲ್ರಿ. ಮ್ಯಾಲೆ ಉಸುಕ ಕೆರೀತೈತಿ. ಗ್ವಾಡಿ ಬಾಜೂ ನೋಡ್ರಿ, ಅಗದಿ ಹೊಸಾದು. ಮಂದಿ ನಡದಲ್ಲೇ ಹೋಗೈತಿ. ಇಷ್ಟ ಮಂದಿ ಬರೂ ಮನಿ ನಾ ಎಲ್ಲೂ ನೋಡಿಲ್ರಿ.”

ಬೈದನೋ ಹೊಗಳಿದನೋ ಕಾಕಾನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆರು ತಿಂಗಳಲ್ಲಿ ಸಾಗವಾನಿ ಸವೆಸುವಷ್ಟು ಜನ! ಹೊಳಪಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಈಗ ಆ ಸವೆದ ಪಟ್ಟಿಗೇ ಹತ್ತಿಕೊಂಡಿತು. ನಮ್ಮ ಕಟ್ಟೆಯನ್ನು ಹಾಗೆ ಸವೆಸಲು ನಾನು ಎಷ್ಟು ವರ್ಷ ಮಾಸ್ತರರ ಹಾಗೆ ಕೆಮ್ಮಬೇಕೋ!

ಮತ್ತೆ ಪಾಲಿಶ್ ಆಯಿತು. ಈ ಸಲ ಕಾಕಾ ಬಂದವರನ್ನೆಲ್ಲ ಹೊರಗೇ ಕಂಬಳಿ ಹಾಸಿ ಕೂರಿಸತೊಡಗಿದ. ಹುಡುಗರಿಗಂತೂ ಹೊಸ್ತಿಲು ದಾಟುವಂತಿಲ್ಲ. ಎಲ್ಲರೂ ನನ್ನ ಬಳಿಗೆ ಮರಳಿದರು. ಕಾಕಾ ಹಪ್ಪಳದ ಮೇಲೆ ಕಾಲಿಟ್ಟ ಹಾಗೆ ಆ ನೆಲದ ಮೇಲೆ ನಡೆಯುವುದನ್ನು ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಎದುರಿನ ಕಿಟಕಿಯ ಸರಳು ಹಿಡಿದು ಬಸ್ಯಾ ಒಬ್ಬನೇ ನೋಡುತ್ತಿದ್ದ. ಅವನೂ ನಗುತ್ತಿದ್ದ. ಊರಿನವರ ದನಿಯನ್ನೆಲ್ಲ ತೆಗೆಯುತ್ತಿದ್ದ ನನಗೆ “ಬಾರಲೇ” ಎಂಬ ಒಂದು ಮಾತು ಮಾತ್ರ ಹೊರಡಲಿಲ್ಲ.

ಈಗ ಮೀಸೆ ಬಂದಿದೆ, ಬುದ್ಧಿ ಬರುವುದು ಬಾಕಿ. ಮೊನ್ನೆ ಬಸ್ಯಾನ ಮನೆಗೆ ಹೋಗಿದ್ದೆ. ಕಾಕಾ ಈಗಿಲ್ಲ.

“ಬಾ, ಒಳಗ ಬಾ. ನೋಡು, ಎರಡನೇ ಸಲದ ಪಾಲಿಶ್ ಹಂಗ ಐತಿ,” ಅಂದ ಬಸ್ಯಾ.

ಮೊದಲ ಸಲ ಆ ನೆಲದ ಮೇಲೆ ಕಾಲಿಟ್ಟೆ. ಬಾಗಿಲಿನಿಂದ ತೂಗುಮಂಚದವರೆಗೆ ಒಂದು ಗೀರಿಲ್ಲ. ಒಂದು ತಾಸು ಕೂತು ಮಾತಾಡಿದೆವು. ಅಷ್ಟು ಹೊತ್ತಿನಲ್ಲಿ ಒಬ್ಬರೂ ಬರಲಿಲ್ಲ. ಹೊಟ್ಟೆಕಿಚ್ಚು ಪಡಲು ಏನಾದರೂ ಸಿಕ್ಕೀತೇ ಎಂದು ಇಡೀ ಪಡಸಾಲೆಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ.