ಸಮುದ್ರ ತುಂಬಿಸಿ ಕಟ್ಟಿದ ಕಾರ್ಖಾನೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದೆ. ಆಸ್ಪತ್ರೆಯ ಯಂತ್ರಗಳಿಗೆ ಬೇಕಾಗುವ ಟ್ರಾನ್ಸ್‌ಫಾರ್ಮರ್‌ಗಳನ್ನು ನಾವು ಮಾಡುತ್ತಿದ್ದೆವು. ಫಿಲಿಪೀನ್ಸ್, ಮೆಕ್ಸಿಕೋ ಕಡೆಯ ಹೆಂಗಸರು ಸಾಲಾಗಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ಸುತ್ತಿದ ಕಾಯಿಲ್‌ಗಳನ್ನು ವಾರ್ನಿಶ್‌ನಲ್ಲಿ ಅದ್ದಿ ಓವನ್ನಿನಲ್ಲಿ ಒಣಗಿಸುವುದು ನನ್ನ ವಿಭಾಗ. ಆ ವಾರ್ನಿಶ್ ಬಿಸಿಯಾದರೆ ಏಳುವ ಆವಿ ತಲೆ ಸುತ್ತಿಸುತ್ತದೆ. ಕಿಡಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಹಾಗಾಗಿ ಓವನ್ ಮೇಲೆ ತಗಡಿನ ದೊಡ್ಡ ಹುಡ್ ಇತ್ತು. ಅದರೊಳಗಿನ ಫ್ಯಾನು ಆವಿಯನ್ನೆಲ್ಲ ಎಳೆದು ಹೊರಹಾಕುತ್ತಿತ್ತು. ಫ್ಯಾನ್ ನಿಂತರೆ ಓವನ್ ಕೂಡ ತಾನಾಗಿ ಆಫ್ ಆಗುವಂತೆ ಜೋಡಿಸಿದ್ದರು.

ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದವರು ಧಾರವಾಡದವರು, ನನ್ನ ತಂದೆಯ ವಯಸ್ಸಿನವರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ನಾನು ಉಡುಪಿಯವಳು. ನನ್ನ ‘ಎಂತದು ಮಾರಾಯ್ರೆ’ ಕೇಳಿದರೆ ಅವರಿಗೆ ನಗು. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ.

ಒಂದು ದಿನ ಮಾಲೀಕ ನಮ್ಮಿಬ್ಬರನ್ನೂ ತನ್ನ ಕಾರಿನಲ್ಲಿ ಲಾಸ್ ಏಂಜಲೀಸ್‌ಗೆ ಕರೆದುಕೊಂಡು ಹೋದ. ಅಲ್ಲಿನ ಹೋಟೆಲೊಂದರಲ್ಲಿ ಚೀನಾದಿಂದ ಬಂದ ಅಧಿಕಾರಿಗಳ ಸಭೆ. ತಮ್ಮ ಸಮುದ್ರತೀರದಲ್ಲಿ ಹೊಸ ಕೈಗಾರಿಕಾ ವಲಯ ಕಟ್ಟುತ್ತಿದ್ದೇವೆ, ಹೊರದೇಶದ ಕಂಪನಿಗಳು ಬರಬೇಕು ಎಂದು ಅವರು ಕರೆಯುತ್ತಿದ್ದರು. ಸಭಾಂಗಣದ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಆ ವಲಯದ ಮಾದರಿ ಇಟ್ಟಿದ್ದರು: ನೀಲಿ ಸಮುದ್ರ, ಬಂದರು, ಆಟಿಕೆಯಂಥ ಕ್ರೇನ್‌ಗಳು, ಸಾಲು ಸಾಲು ಬಿಳಿ ಕಟ್ಟಡಗಳು. ಅಂಕಲ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇಲ್ಲಿ ನೋಡವಾ ತಂಗಿ,” ಎಂದರು ಮೆಲ್ಲಗೆ. “ನಮ್ಮ ಕಂಪನಿ ಹೆಸರು ಆಗಲೇ ಅಂಟಿಸ್ಯಾರ.”

ನಿಜ. ಬಂದರಿನ ಪಕ್ಕದ ಒಂದು ಬಿಳಿ ಕಟ್ಟಡದ ಮೇಲೆ ನಮ್ಮ ಕಂಪನಿಯ ಹೆಸರಿತ್ತು. ನಾನು ತಿರುಗಿ ಮಾಲೀಕನ ಮುಖ ನೋಡಿದೆ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ಮರಳುವ ದಾರಿಯಲ್ಲಿ ಕಡಲ ದಂಡೆಯ ಅಣುಸ್ಥಾವರದ ಜೋಡಿ ಗುಮ್ಮಟ ದಾಟಿ, ಕಾರ್ಲ್ಸ್‌ಬಾಡ್ ಹತ್ತಿರ ಬರುವಾಗ ಮಾಲೀಕ ತಾನಾಗಿಯೇ ಹೇಳಿದ: “ನಿಮ್ಮ ಯಾರ ಕೆಲಸಕ್ಕೂ ತೊಂದರೆಯಿಲ್ಲ.” ಕೆಲಸದ ವಿಷಯ ನಾವು ಕೇಳಿಯೇ ಇರಲಿಲ್ಲ.

ಬೇಸಿಗೆಯಲ್ಲಿ ಚೀನಾದಿಂದ ತರಬೇತಿಗೆಂದು ಕೆಲವರು ಬಂದರು. ಅವರಲ್ಲಿ ಒಬ್ಬಳು ನನ್ನದೇ ವಯಸ್ಸಿನ ಇಂಜಿನಿಯರ್. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮಧ್ಯಾಹ್ನ ನನ್ನ ಜೊತೆಯೇ ಊಟಕ್ಕೆ ಕೂರುತ್ತಿದ್ದಳು. ನಾನು ತಂದ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮಲ್ಲೂ ಅಕ್ಕಿಹಿಟ್ಟಿನಲ್ಲಿ ಇಂಥದ್ದೇ ಒಂದು ಮಾಡುತ್ತಾರೆ ಎಂದಳು. ಅವಳ ಅಮ್ಮ ಸಮುದ್ರದ ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪುಮೀನು ಹೆಕ್ಕುತ್ತಿದ್ದಳಂತೆ, ನಮ್ಮ ಕಡೆ ಹೊಳೆಬಾಯಲ್ಲಿ ಮರುವಾಯಿ ಹೆಕ್ಕುವ ಹಾಗೆ.

“ಈಗಲೂ ಹೋಗುತ್ತಾರಾ?” ಎಂದೆ.

“ಆ ಜಾಗದಲ್ಲೇ ವಲಯ ಬಂದದ್ದು. ಹಿಂದಿನ ಗುಡ್ಡವನ್ನು ಕಡಿದು ಸಮುದ್ರಕ್ಕೆ ತುಂಬಿದರು. ಅಮ್ಮನಿಗೆ ಫ್ಲ್ಯಾಟ್ ಕೊಟ್ಟಿದ್ದಾರೆ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಅಷ್ಟೇ.”

ದೂರುವ ದನಿಯಲ್ಲಿ ಹೇಳಲಿಲ್ಲ. ಬಾಯಿ ಒರೆಸಿಕೊಂಡು ಎದ್ದು ಕೆಲಸಕ್ಕೆ ಹೋದಳು. ನನ್ನ ವಿಭಾಗದ ಎಲ್ಲವನ್ನೂ ಅವಳು ಟೇಪು ಹಿಡಿದು ಅಳೆದಳು: ವಾರ್ನಿಶ್ ತೊಟ್ಟಿ, ಓವನ್ ಬಾಗಿಲು, ಕಾಯಿಲ್ ತೂಗುಹಾಕುವ ಕೊಕ್ಕೆಗಳು. ಹುಡ್ ಹತ್ತಿರ ಬಂದಾಗ ಟೇಪನ್ನು ಮಡಚಿ ಜೇಬಿಗಿಟ್ಟಳು.

“ಅದನ್ನು ಯಾಕೆ ಬಿಟ್ಟೆ?” ಎಂದೆ.

“ಯಂತ್ರಗಳ ಜೊತೆ ಅದು ಬರುವುದಿಲ್ಲವಂತೆ. ಅಲ್ಲಿ ಕಿಟಕಿಗಳು ದೊಡ್ಡವು.”

ಕಿಟಕಿಯಿಂದ ಆಗುವ ಕೆಲಸವಲ್ಲ ಅದು ಎಂದು ಅವಳಿಗೆ ವಿವರಿಸಿದೆ. ಫ್ಯಾನ್ ಆಫ್ ಮಾಡಿಸಿ, ಓವನ್ ತಾನಾಗಿ ನಿಲ್ಲುವುದನ್ನು ತೋರಿಸಿದೆ. ಅವಳ ಮುಖ ಗಂಭೀರವಾಯಿತು. ಊರಿಗೆ ಹೋಗಿ ಕೇಳುತ್ತೇನೆ ಎಂದಳು. ನಾನು ಮಾಲೀಕನ ಕೋಣೆಗೆ ಹೋದೆ.

“ಅಲ್ಲಿನ ನಿಯಮದಲ್ಲಿ ಅದು ಬೇಕಿಲ್ಲ,” ಎಂದ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

“ಅಲ್ಲಿಯ ಆವಿಗೂ ಬೆಂಕಿ ಹತ್ತುತ್ತದೆ,” ಎಂದೆ.

ಅವನು ತಲೆಯೆತ್ತಿ, ಬಹಳ ಸೌಜನ್ಯದಿಂದ ನಕ್ಕು, ಬಾಗಿಲು ಎಳೆದುಕೊಂಡು ಹೋಗಲು ಹೇಳಿದ.

ಹೆಂಗಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವರಿಗೆ ಗೊತ್ತಾಗಿತ್ತು. ಲೈನಿನಲ್ಲಿ ಹಾಡು, ನಗು ಕಡಿಮೆಯಾಯಿತು. ಯಾರಾದರೂ ಟೇಪು ಹಿಡಿದು ಬಂದರೆ ಎಲ್ಲರ ಕೈಯೂ ಒಮ್ಮೆ ನಿಂತು ಮತ್ತೆ ಸುತ್ತಲು ಶುರುಮಾಡುತ್ತಿತ್ತು. ಒಂದು ಶುಕ್ರವಾರ ಎಲ್ಲರನ್ನೂ ಕ್ಯಾಂಟೀನಿಗೆ ಕರೆದು, ಇಲ್ಲಿನ ಕೆಲಸ ಮುಗಿಯಿತು ಎಂದರು. ನನಗೂ ಅದೇ ಮಾತು. ಅಂಕಲ್‌ಗೆ ಮಾತ್ರ ಚೀನಾಕ್ಕೆ ಹೋಗಿ ಹೊಸ ಲೈನ್ ಶುರುಮಾಡಿಸುವ ಕೆಲಸ ಕೊಟ್ಟರು. ಮಗಳು ಕಾಲೇಜಿನಲ್ಲಿದ್ದಳು, ಬೇಡ ಎನ್ನಲು ಅವರಿಗೆ ದಾರಿಯಿರಲಿಲ್ಲ.

ನನ್ನ ಸಾಮಾನು ತರಲು ಹೋದ ದಿನ ಯಂತ್ರಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರು. ಓವನ್ ಕೂಡ ಹೋಗಿತ್ತು. ಹುಡ್ ಒಂದೇ ಖಾಲಿ ನೆಲದ ಮೇಲೆ ತೂಗುತ್ತಿತ್ತು. ಕೆಳಗೆ ನಿಂತ ಅಂಕಲ್‌ಗೆ ಹೇಳಿದೆ: “ಇದನ್ನು ಹೇಗಾದರೂ ತೆಕೊಂಡು ಹೋಗಿ ಅಂಕಲ್. ಇಲ್ಲದಿದ್ದರೆ ಓವನ್ ಹಚ್ಚಲಿಕ್ಕೆ ಬಿಡಬೇಡಿ.”

“ಮಾಲಕಗ ಕೇಳೇನವಾ. ಮುಂದಿನ ಹಡಗಿಗೆ ಕಳಸ್ತೇನಿ ಅಂದಾನ.”

ನನಗೆ ಕಾರ್ಲ್ಸ್‌ಬಾಡ್‌ನಲ್ಲಿ ಬೇರೆ ಕೆಲಸ ಸಿಕ್ಕಿತು. ಹಳೆಯದನ್ನು ಮರೆತೆ ಎಂದುಕೊಂಡಿದ್ದೆ. ಆದರೆ ಕರ್ನಿ ಮೆಸಾಕ್ಕೆ ಊಟಕ್ಕೆ ಹೋದಾಗಲೆಲ್ಲ ಬೇಕೆಂದೇ ಸುತ್ತುಬಳಸಿನ ದಾರಿಯಲ್ಲಿ ಡ್ರೈವ್ ಮಾಡುತ್ತಿದ್ದೆ. ಆ ಕಟ್ಟಡದ ಎದುರು ಹೋಗುವುದು ನನಗೆ ಬೇಕಿರಲಿಲ್ಲ.

ಮರುವರ್ಷ ಚಳಿಗಾಲ ಕಳೆಯುವಾಗ ಅಂಕಲ್ ವಾಪಸ್ ಬಂದಿದ್ದಾರೆ ಎಂದು ಕೇಳಿ ಅವರ ಮನೆಗೆ ಹೋದೆ. ಬಾಗಿಲು ತೆರೆದ ಮಗಳು, “ಹಿ ಡಸಂಟ್ ಟಾಕ್ ಮಚ್,” ಎಂದು ಎಚ್ಚರಿಸಿ ಒಳಗೆ ಬಿಟ್ಟಳು. ಅಂಕಲ್ ಸೋಫಾದ ತುದಿಯಲ್ಲಿ ಕೂತಿದ್ದರು. ಕುತ್ತಿಗೆ ಶರ್ಟಿನ ಕಾಲರಿನೊಳಗೆ ಅಲ್ಲಾಡುವಷ್ಟು ಇಳಿದುಹೋಗಿದ್ದರು. ಚಹಾ ಆರಿದ ಮೇಲೆ ಅವರೇ ಶುರುಮಾಡಿದರು.

“ಪ್ರತಿ ಹಡಗಿಗೂ ದಾರಿ ಕಾದೆ ತಂಗಿ. ಬರಲೇ ಇಲ್ಲ. ಕಿಟಕಿ ತಗದು, ಗ್ವಾಡಿಗೆ ಫ್ಯಾನ್ ಹಚ್ಚಿ ಕೆಲಸ ನಡಸಿದ್ವಿ. ಚಳಿಗಾಲ ಬಂತು. ಸಮುದ್ರದ ಗಾಳಿ ಅಂದ್ರ ಚಾಕು ಇದ್ದಂಗ. ಹುಡುಗ್ಯಾರು ಪಾಪ, ಬೆರಳು ಸೆಟದು ತಂತಿ ಹಿಡಿಯಾಕ ಆಗವಲ್ದು ಅಂತ ಕಿಟಕಿ ಮುಚ್ಚಿದ್ರು. ನಾ ಅಂಗಳದಾಗ ಇದ್ದೆ. ‘ಭುಸ್’ ಅಂದದ್ದು ಕೇಳಸ್ತು.”

ಅವರು ಕೈಯೆತ್ತಿ ಕಿವಿ ಮುಟ್ಟಿಕೊಂಡರು.

“ಆಕಿ, ನಿನ್ನ ಗೆಳತಿ, ಹೊರಗಿದ್ದಾಕಿ ಒಳಗ ಓಡಿದ್ಲು. ಹಿಂದಿನ ಬಾಗಿಲದ ಕಬ್ಬಿಣದ ಚಿಲಕ ಕಾದಿತ್ತು. ಬರೀ ಕೈಲೆ ತಗದ್ಲು. ಎಲ್ಲಾ ಹೊರಗ ಬಂದ್ರು. ಒಬ್ಬಾಕಿ ಬಿಟ್ಟು.”

“ಆಮೇಲೆ?”

“ಆಮೇಲೇನು? ಗ್ವಾಡಿಗೆ ಸುಣ್ಣ ಬಳದ್ರು. ಹೊಸಾ ಓವನ್ ಬಂತು. ನಾ ಒಲ್ಲೆ ಅಂತ ಬಂದ್ಬಿಟ್ಟೆ.”

ಮಾಲೀಕನಿಗೆ ನಾನು ಫೋನ್ ಮಾಡಿದೆ. ಅಲ್ಲಿನ ಎಲ್ಲ ನಿಯಮಗಳನ್ನೂ ಪಾಲಿಸಿದ್ದೇವೆ ಎಂದ, ಆಗಲೇ ಬಾಯಿಪಾಠ ಮಾಡಿಟ್ಟವನ ಹಾಗೆ. ಮತ್ತೆ ಮಾಡಿದಾಗ ಎತ್ತಲಿಲ್ಲ.

ಅಂಕಲ್ ಕೊಟ್ಟ, ಆ ಗೆಳತಿಯ ಕಚೇರಿಯ ನಂಬರಿಗೆ ಒಂದು ಭಾನುವಾರ ಸಂಜೆ ಫೋನ್ ಮಾಡಿದೆ. ಅಲ್ಲಿ ಸೋಮವಾರದ ಬೆಳಗು. ಅವಳೇ ಎತ್ತಿಕೊಂಡಳು. ನನ್ನ ದನಿ ಗುರುತಿಸಿ ಆರೋಗ್ಯ ವಿಚಾರಿಸಿದಳು. ಕೈ ಹೇಗಿದೆ ಎಂದು ಕೇಳಿದೆ. ಬಲಗೈಯಲ್ಲಿ ಪೆನ್ನು ಹಿಡಿಯಬಹುದು ಎಂದಳು. ಯಂತ್ರದ ಕೆಲಸ ಆಗುವುದಿಲ್ಲವೆಂದು ಅವಳನ್ನು ವಲಯದ ಕಚೇರಿಗೆ ಹಾಕಿದ್ದರಂತೆ. ಹೊರದೇಶದಿಂದ ಬರುವವರಿಗೆ ಜಾಗ ತೋರಿಸುವುದು ಈಗ ಅವಳ ಕೆಲಸ. ಇಂಗ್ಲಿಷ್ ಬರುತ್ತದಲ್ಲ, ಅದಕ್ಕೆ. ಅವರೆದುರು ಕೈಗವಸು ಹಾಕಿಕೊಂಡಿರಬೇಕಂತೆ.

ಅವಳ ಮಾತಿನ ಹಿಂದೆ ನೆಲಕ್ಕೆ ಏನೋ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಅದೇನು ಎಂದೆ.

“ಪಕ್ಕದ ಜಾಗಕ್ಕೆ ಹೊಸ ಕಾರ್ಖಾನೆ ಬರುತ್ತಿದೆ. ನಿಮ್ಮ ಕ್ಯಾಲಿಫೋರ್ನಿಯಾದ್ದೇ,” ಎಂದಳು. “ಪೇಂಟ್ ತಯಾರಿಸುತ್ತಾರಂತೆ. ಅಲ್ಲೂ ಕಿಟಕಿಗಳು ದೊಡ್ಡವು.”